ಮುಚ್ಚಿದ ಕಟ್ಟಡದ ಬೆಂಕಿ ಮತ್ತು ಅಗ್ನಿಶಾಮಕರ ಸುರಕ್ಷತೆ

ಕಟ್ಟಡದೊಳಗೆ ಹೊತ್ತಿದ ಬೆಂಕಿ ಬಯಲಿನ ಬೆಂಕಿಯಂತೆ ವರ್ತಿಸುವುದಿಲ್ಲ. ಬಯಲಿನಲ್ಲಿ ಶಾಖ ಮತ್ತು ಹೊಗೆ ಮೇಲೇರಿ ಗಾಳಿಯಲ್ಲಿ ಚದುರಿಹೋಗುತ್ತವೆ, ಉರಿಯಲು ಬೇಕಾದ ಆಮ್ಲಜನಕ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಕೋಣೆಯೊಳಗೆ ಶಾಖ ಚಾವಣಿಯಡಿ ಶೇಖರವಾಗುತ್ತದೆ, ಗಾಳಿ ಬಾಗಿಲು ಕಿಟಕಿಗಳು ಬಿಟ್ಟಷ್ಟೇ ಒಳಬರುತ್ತದೆ. ಹೀಗಾಗಿ ಒಳಾಂಗಣದ ಬೆಂಕಿ ಕೆಲವೇ ಸೆಕೆಂಡುಗಳಲ್ಲಿ ಸ್ವರೂಪ ಬದಲಿಸಬಲ್ಲದು. ಅಗ್ನಿಶಾಮಕರನ್ನು ಗುಂಪಾಗಿ ಬಲಿ ತೆಗೆದುಕೊಂಡ ಅನೇಕ ದುರಂತಗಳು ಇಂಥ ಬದಲಾವಣೆಯ ಗಳಿಗೆಯಲ್ಲೇ ನಡೆದಿವೆ. ಆ ಗಳಿಗೆಯನ್ನು ಮುಂಚಿತವಾಗಿ ಗುರುತಿಸುವುದು, ತಡೆಯುವುದು, ತಡೆಯಲಾಗದಿದ್ದರೆ ಅಲ್ಲಿಂದ ದೂರವಿರುವುದು ಹೇಗೆ ಎಂಬುದೇ ಈ ವಿಷಯದ ತಿರುಳು. ಕಳೆದ ನಾಲ್ಕು ದಶಕಗಳ ಪ್ರಯೋಗಗಳೂ ಸಾವುನೋವುಗಳೂ ಸೇರಿ ಕಲಿಸಿದ ಮುಖ್ಯ ಪಾಠವಿಷ್ಟೇ: ಒಳಗೆ ಹೋಗುವವರ ಪ್ರಾಣ ಉಳಿಯುವುದೋ ಇಲ್ಲವೋ ಎಂಬುದು ಬಹುಪಾಲು ಬಾಗಿಲು ತೆರೆಯುವ ಮೊದಲೇ ತೀರ್ಮಾನವಾಗಿರುತ್ತದೆ.

ಹೊಗೆಯೇ ಉರುವಲು

ಕುರ್ಚಿ, ಹಾಸಿಗೆ, ಪರದೆ ಯಾವುದೇ ಆಗಲಿ, ಘನವಸ್ತು ನೇರವಾಗಿ ಹೊತ್ತಿ ಉರಿಯುವುದು ಕಡಿಮೆ. ಶಾಖಕ್ಕೆ ಅದು ವಿಘಟನೆಯಾಗಿ ಅನಿಲಗಳನ್ನು ಬಿಡುತ್ತದೆ, ಜ್ವಾಲೆಯಾಗಿ ಕಾಣುವುದು ಆ ಅನಿಲಗಳ ಉರಿ. ಗಾಳಿ ಸಾಲದೆ ಹೋದಾಗ ಈ ಅನಿಲಗಳಲ್ಲಿ ದೊಡ್ಡ ಪಾಲು ಉರಿಯದೆ ಉಳಿದು, ಮಸಿಯೊಂದಿಗೆ ಬೆರೆತು ಕಪ್ಪು ಹೊಗೆಯಾಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಉಸಿರಾಡಿದವರಿಗೆ ವಿಷ. ಅದೇ ಅನಿಲ ಗಾಳಿಯಲ್ಲಿ ಸುಮಾರು ಶೇ. 12.5ರಿಂದ 74ರವರೆಗಿನ ಪ್ರಮಾಣದಲ್ಲಿದ್ದರೆ ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಹೊಗೆ ತುಂಬಿದ ಕೋಣೆಯೆಂದರೆ ಉರುವಲು ತುಂಬಿದ ಕೋಣೆ. ಉರಿ ಕಾಣುತ್ತಿಲ್ಲ ಎಂಬ ಕಾರಣಕ್ಕೆ ಅದನ್ನು ಸುರಕ್ಷಿತ ಎಂದು ಭಾವಿಸುವುದು ಪ್ರಾಣಕ್ಕೆ ಎರವಾಗುವ ತಪ್ಪು.

ಗಾಳಿಯ ಪಾತ್ರವನ್ನು ಅಂಕಿಯಲ್ಲಿ ಹಿಡಿದವರು ಬ್ರಿಟನ್ನಿನ ವಿಜ್ಞಾನಿ ಥಾರ್ನ್‌ಟನ್. ಉರಿಯುವ ಸಾವಯವ ವಸ್ತು ಯಾವುದೇ ಇರಲಿ, ಬಳಕೆಯಾದ ಪ್ರತಿ ಕಿಲೋ ಆಮ್ಲಜನಕಕ್ಕೆ ಹೊರಬೀಳುವ ಶಾಖ ಹೆಚ್ಚು ಕಡಿಮೆ ಒಂದೇ ಎಂದು ಅವರು 1917ರಲ್ಲಿ ತೋರಿಸಿದರು. ಆ ಪ್ರಮಾಣ ಸುಮಾರು 13.1 ಮೆಗಾಜೂಲ್. ಕೋಣೆಯಲ್ಲಿ ಉರುವಲು ಎಷ್ಟೇ ಇದ್ದರೂ ಒಳಬರುವ ಗಾಳಿಯೇ ಬೆಂಕಿಯ ಗಾತ್ರವನ್ನು ನಿರ್ಧರಿಸುತ್ತದೆ ಎಂಬುದು ಇದರ ಅರ್ಥ. ಬಾಗಿಲು ಒಡೆಯುವ, ಕಿಟಕಿ ಗಾಜು ಪುಡಿ ಮಾಡುವ ಪ್ರತಿಯೊಂದು ಕೆಲಸವೂ ಬೆಂಕಿಗೆ ಆಹಾರ ಕೊಡುವ ಕೆಲಸ. ನೀರು ಸಿದ್ಧವಿಲ್ಲದೆ ಅದನ್ನು ಮಾಡಬಾರದು.

ಇಂದಿನ ಮನೆಗಳಲ್ಲಿ ಈ ಅಪಾಯ ಹೆಚ್ಚಿದೆ. ಹಿಂದೆ ಪೀಠೋಪಕರಣಗಳಲ್ಲಿ ಮರ, ಹತ್ತಿ, ತೆಂಗಿನ ನಾರು ಇರುತ್ತಿದ್ದವು. ಈಗ ಪಾಲಿಯುರೆಥೇನ್ ಫೋಮ್, ಪಾಲಿಯೆಸ್ಟರ್, ಪ್ಲಾಸ್ಟಿಕ್ ತುಂಬಿವೆ. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಹಳೆಯ ಮತ್ತು ಹೊಸ ಬಗೆಯ ಪೀಠೋಪಕರಣಗಳ ಕೋಣೆಗಳನ್ನು ಅಕ್ಕಪಕ್ಕದಲ್ಲಿ ಸುಟ್ಟು ಹೋಲಿಸಿತು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೊಸ ಬಗೆಯ ಕೋಣೆಗಳು 5 ನಿಮಿಷದೊಳಗೆ ಪೂರ್ತಿ ಹೊತ್ತಿಕೊಂಡವು, ಹಳೆಯ ಬಗೆಯವು ಅದಕ್ಕೆ 29 ನಿಮಿಷಕ್ಕೂ ಹೆಚ್ಚು ಸಮಯ ತೆಗೆದುಕೊಂಡವು. ಅಗ್ನಿಶಾಮಕ ವಾಹನ ಸ್ಥಳ ತಲುಪುವ ಹೊತ್ತಿಗೆ ಹಿಂದಿನ ಬೆಂಕಿ ಇನ್ನೂ ಬೆಳೆಯುತ್ತಿರುತ್ತಿತ್ತು. ಈಗಿನ ಬೆಂಕಿ ಆ ವೇಳೆಗಾಗಲೇ ಗಾಳಿ ಮುಗಿಸಿಕೊಂಡು, ಹೊಸ ಗಾಳಿಗಾಗಿ ಕಾಯುತ್ತಿರುತ್ತದೆ.

ಮೂರು ಬಗೆಯ ಸ್ಫೋಟಕ ಬೆಳವಣಿಗೆ

ಮೊದಲನೆಯದು ಫ್ಲಾಷ್‌ಓವರ್. ಚಾವಣಿಯಡಿಯ ಬಿಸಿ ಹೊಗೆಯ ಪದರ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅದರಿಂದ ಕೆಳಗೆ ಹೊಮ್ಮುವ ಶಾಖ ನೆಲದ ಮೇಲೆ ಪ್ರತಿ ಚದರ ಮೀಟರಿಗೆ ಸುಮಾರು 20 ಕಿಲೋವ್ಯಾಟ್ ಆಗುತ್ತದೆ. ನಡುಮಧ್ಯಾಹ್ನದ ಬಿಸಿಲು ಕೊಡುವುದು ಸುಮಾರು 1 ಕಿಲೋವ್ಯಾಟ್. ಅಷ್ಟು ಶಾಖಕ್ಕೆ ಕೋಣೆಯಲ್ಲಿರುವ ಎಲ್ಲ ವಸ್ತುಗಳೂ ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಒಂದು ಮೂಲೆಯಲ್ಲಿದ್ದ ಬೆಂಕಿ ಕೋಣೆಯ ಬೆಂಕಿಯಾಗುತ್ತದೆ. ಆ ಕ್ಷಣದಲ್ಲಿ ಒಳಗಿದ್ದವರು ರಕ್ಷಣಾ ಉಡುಪು ತೊಟ್ಟಿದ್ದರೂ ಬದುಕುವ ಅವಕಾಶ ಸೆಕೆಂಡುಗಳಷ್ಟೇ.

ಎರಡನೆಯದು ಬ್ಯಾಕ್‌ಡ್ರಾಫ್ಟ್. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದ ಜಾಗದಲ್ಲಿ ಬೆಂಕಿ ಆಮ್ಲಜನಕವನ್ನು ತಿಂದು ಮುಗಿಸಿ ಕುಂದುತ್ತದೆ. ಜ್ವಾಲೆ ಅಡಗಿದರೂ ಶಾಖ ಉಳಿದು ವಸ್ತುಗಳಿಂದ ಅನಿಲ ಹೊರಬರುತ್ತಲೇ ಇರುತ್ತದೆ. ಯಾರಾದರೂ ಬಾಗಿಲು ತೆರೆದಾಗ ತಣ್ಣನೆಯ ಗಾಳಿ ನೆಲಮಟ್ಟದಲ್ಲಿ ಒಳನುಗ್ಗಿ ಆ ಅನಿಲದೊಂದಿಗೆ ಬೆರೆಯುತ್ತದೆ. ಮಿಶ್ರಣ ಕೆಂಡದ ತನಕ ತಲುಪಿದೊಡನೆ ಹೊತ್ತಿ, ಬೆಂಕಿಯ ಉಂಡೆಯಾಗಿ ಅದೇ ಬಾಗಿಲಿನಿಂದ ಹೊರಚಿಮ್ಮುತ್ತದೆ. ಗಾಳಿ ಒಳಹೋಗುವುದಕ್ಕೂ ಬೆಂಕಿ ಹೊರಬರುವುದಕ್ಕೂ ನಡುವೆ ಕೆಲವು ಸೆಕೆಂಡುಗಳಾಗಲಿ, ಕೆಲವೊಮ್ಮೆ ನಿಮಿಷಗಳಾಗಲಿ ಕಳೆಯಬಹುದು. ಸಿಬ್ಬಂದಿ ಒಳಹೊಕ್ಕ ಮೇಲೆ ಅದು ಸಂಭವಿಸುವುದಕ್ಕೆ ಈ ವಿಳಂಬವೇ ಕಾರಣ.

ಮೂರನೆಯದು ಹೊಗೆಯ ಸ್ಫೋಟ. ಉರಿಯುವ ಕೋಣೆಯಿಂದ ಹರಿದ ಹೊಗೆ ಪಕ್ಕದ ಕೋಣೆಯಲ್ಲೋ ಸುಳ್ಳು ಚಾವಣಿಯ ಮೇಲೋ ಗಾಳಿಯೊಡನೆ ಸರಿಯಾದ ಪ್ರಮಾಣದಲ್ಲಿ ಬೆರೆತು ಕೂತಿರುತ್ತದೆ. ಅಲ್ಲಿ ಬಾಗಿಲು ತೆರೆಯಬೇಕಾಗಿಯೂ ಇಲ್ಲ, ಒಂದು ಕಿಡಿ ಸಾಕು. ಬೆಂಕಿಯಿಂದ ದೂರವಿರುವ ಜಾಗ ಎಂದು ಸಿಬ್ಬಂದಿ ಎಚ್ಚರ ಸಡಿಲಿಸಿದಲ್ಲೇ ಇದು ಎದುರಾಗುತ್ತದೆ.

ಬ್ಯಾಕ್‌ಡ್ರಾಫ್ಟ್ ನಡೆಯುವ ಬಗೆಯನ್ನು ನ್ಯೂಯಾರ್ಕಿನ ವಾಟ್ಸ್ ಸ್ಟ್ರೀಟಿನ ಘಟನೆಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಿರಳ. 1994ರ ಮಾರ್ಚ್ 28ರ ಸಂಜೆ ಮ್ಯಾನ್‌ಹಟನ್ನಿನ ಹಳೆಯ ಇಟ್ಟಿಗೆ ಕಟ್ಟಡವೊಂದರ ಕೆಳಮಹಡಿಯ ನಿವಾಸಿ ಹೊರಹೋಗುವಾಗ ಕಸದ ಪ್ಲಾಸ್ಟಿಕ್ ಚೀಲ ಗ್ಯಾಸ್ ಒಲೆಯ ಮೇಲೆ ಉಳಿದಿತ್ತು. ಒಲೆಯ ಪೈಲಟ್ ಜ್ವಾಲೆಗೆ ಚೀಲ ಹೊತ್ತಿತು. ನವೀಕರಣದಲ್ಲಿ ಸಂದುಗಳನ್ನೆಲ್ಲ ಮುಚ್ಚಿದ್ದ ಆ ಮನೆಗೆ ಹೊರಗಿನ ಗಾಳಿ ಸಾಲದೆ ಬೆಂಕಿ ಸುಮಾರು ಒಂದು ಗಂಟೆ ಉಸಿರುಗಟ್ಟಿ ಉರಿಯಿತು. ಚಿಮಣಿಯಿಂದ ಹೊಗೆ ಮತ್ತು ಕಿಡಿ ಬರುತ್ತಿವೆ ಎಂಬ ಕರೆಗೆ ಸಿಬ್ಬಂದಿ ಬಂದರು. ಒಂದು ತಂಡ ಕೆಳಮಹಡಿಯ ಬಾಗಿಲನ್ನು ಮೀಟಿ ತೆರೆಯಿತು, ಇನ್ನೊಂದು ಮೇಲಿನ ಮಹಡಿಯಲ್ಲಿ ಜನರನ್ನು ಹುಡುಕಲು ಮೆಟ್ಟಿಲೇರಿತು. ಬಾಗಿಲು ತೆರೆದಾಗ ಬಿಸಿ ಹೊಗೆ ಹೊರನುಗ್ಗಿತು, ತಣ್ಣನೆಯ ಗಾಳಿ ಒಳಸೇರಿತು, ಮರುಗಳಿಗೆ ಜ್ವಾಲೆ ಮೆಟ್ಟಿಲ ಬಾವಿಯನ್ನು ತುಂಬಿತು. ಬಾಗಿಲಲ್ಲಿದ್ದವರು ಕೆಳಗೆ ಬಾಗಿ ಪಾರಾದರು. ಮೆಟ್ಟಿಲ ಮೇಲಿದ್ದ ಮೂವರಿಗೆ ದಾರಿಯಿರಲಿಲ್ಲ, ಮೂವರೂ ಜೀವ ತೆತ್ತರು. ಮೆಟ್ಟಿಲ ಬಾವಿಯಲ್ಲಿ ಉರಿ ಸುಮಾರು ಆರೂವರೆ ನಿಮಿಷ ನಿಂತಿತ್ತು. ಅಷ್ಟು ಹೊತ್ತು ಉರಿಯುವಷ್ಟು ಅನಿಲ ಒಂದು ಪುಟ್ಟ ಮನೆಯಲ್ಲಿ ಸೇರಲು ಸಾಧ್ಯವೇ ಎಂಬ ಪ್ರಶ್ನೆ ಎದ್ದಾಗ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿ, ಸಾಧ್ಯವೆಂದು ತೋರಿಸಿತು.

ಗಾಳಿಯ ಹರಿವಿನ ದಾರಿ

ಬೆಂಕಿಗೆ ಗಾಳಿ ಬರುವ ತೆರಪಿನಿಂದ ಬಿಸಿ ಅನಿಲ ಹೊರಹೋಗುವ ತೆರಪಿನವರೆಗಿನ ಮಾರ್ಗವನ್ನು ಹರಿವಿನ ಪಥ ಎನ್ನುತ್ತಾರೆ. ಈ ಪಥದಲ್ಲಿ, ಅದರಲ್ಲೂ ಬೆಂಕಿ ಮತ್ತು ಹೊರದಾರಿಯ ನಡುವೆ, ನಿಲ್ಲುವುದು ಒಳಾಂಗಣ ಕಾರ್ಯಾಚರಣೆಯ ಅತ್ಯಂತ ಅಪಾಯದ ಸ್ಥಿತಿ. ಹೊರಗೆ ಬಿರುಗಾಳಿಯಿದ್ದರಂತೂ ಒಡೆದ ಒಂದು ಕಿಟಕಿ ಸಾಕು. 1998ರ ಡಿಸೆಂಬರ್ 18ರಂದು ಬ್ರೂಕ್ಲಿನ್ನಿನ ವಂಡಾಲಿಯಾ ಅವೆನ್ಯೂದಲ್ಲಿದ್ದ 10 ಮಹಡಿಯ ವಸತಿ ಕಟ್ಟಡದ ಮೇಲಿನ ಮಹಡಿಯಲ್ಲಿ ಹಾಗೇ ಆಯಿತು. ಗಾಳಿಯ ಒತ್ತಡಕ್ಕೆ ಮನೆಯೊಳಗಿನ ಉರಿ ಕಾರಿಡಾರಿಗೆ ನುಗ್ಗಿ ಮೂವರು ಅಗ್ನಿಶಾಮಕರು ಸತ್ತರು.

2007ರ ಜೂನ್ 18ರಂದು ಅಮೆರಿಕದ ಚಾರ್ಲ್ಸ್‌ಟನ್ ನಗರದ ಪೀಠೋಪಕರಣ ಮಳಿಗೆಯಲ್ಲಿ 9 ಅಗ್ನಿಶಾಮಕರು ಮಡಿದದ್ದರ ಹಿಂದೆಯೂ ಇದೇ ನಿಯಮ ಕೆಲಸ ಮಾಡಿತ್ತು. ಸರಕು ಇಳಿಸುವ ಜಾಗದಲ್ಲಿ ಹತ್ತಿದ ಬೆಂಕಿಯ ಹೊಗೆ ಸುಳ್ಳು ಚಾವಣಿಯ ಮೇಲೆ ತುಂಬಿಕೊಂಡಿತ್ತು. ಕೆಳಗೆ ಅಂಗಡಿಯಲ್ಲಿದ್ದವರ ಕಣ್ಣಿಗೆ ಅದರ ತೀವ್ರತೆ ಬೀಳಲಿಲ್ಲ. ಹೊಗೆ ಹೊರಹೋಗಲೆಂದು ಮುಂಭಾಗದ ಗಾಜುಗಳನ್ನು ಒಡೆದ ಮೇಲೆ ಬೆಂಕಿ ಇಡೀ ಮಳಿಗೆಯನ್ನು ವ್ಯಾಪಿಸಿತು. ಅಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ.

ಹೊಗೆ ಹೊರಬಿಟ್ಟರೆ ಒಳಗೆ ತಂಪಾಗುತ್ತದೆ ಎಂಬ ನಂಬಿಕೆ ಅಗ್ನಿಶಾಮಕ ಸೇವೆಯಲ್ಲಿ ಬಹುಕಾಲ ಬೇರೂರಿತ್ತು. 2010ರ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಪ್ರಯೋಗಗಳು ಅದನ್ನು ಅಲುಗಿಸಿದವು. ಗಾಳಿಯ ಕೊರತೆಯಲ್ಲಿರುವ ಬೆಂಕಿಗೆ ಬಾಗಿಲು ಅಥವಾ ಕಿಟಕಿ ತೆರೆದಾಗ, ಒಂದು ಮಹಡಿಯ ಮನೆಯಲ್ಲಿ ಸುಮಾರು 100 ಸೆಕೆಂಡು, ಎರಡು ಮಹಡಿಯ ಮನೆಯಲ್ಲಿ ಸುಮಾರು 200 ಸೆಕೆಂಡು ಕಳೆಯುವಷ್ಟರಲ್ಲಿ ಒಳಗೆ ನಿಲ್ಲಲಾಗದ ಪರಿಸ್ಥಿತಿ ಉಂಟಾಯಿತು. 2012ರ ಬೇಸಿಗೆಯಲ್ಲಿ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆ ಮೇಲೆ ಹೇಳಿದ ಎರಡು ಸಂಸ್ಥೆಗಳೊಂದಿಗೆ ಸೇರಿ ಗವರ್ನರ್ಸ್ ದ್ವೀಪದ ಪಾಳುಬಿದ್ದ ಮನೆಗಳಿಗೆ ಬೆಂಕಿ ಹಚ್ಚಿ ಇದನ್ನು ಮತ್ತೆ ಪರೀಕ್ಷಿಸಿತು. ಕಿಟಕಿ ಒಡೆಯುವುದು ಹೋಸ್ ತಂಡದ ಸಿದ್ಧತೆಯೊಂದಿಗೆ ತಾಳೆಯಾಗಬೇಕು, ನೀರು ಬೀಳುವ ತನಕ ಬಾಗಿಲನ್ನು ಆದಷ್ಟು ಮುಚ್ಚಿಟ್ಟಿರಬೇಕು ಎಂಬ ತತ್ವ ಇಂಥ ಪ್ರಯೋಗಗಳಿಂದ ನೆಲೆಗೊಂಡಿತು.

ಲಕ್ಷಣಗಳನ್ನು ಓದುವುದು

ಒಳಹೋಗುವ ಮುನ್ನ ಕಟ್ಟಡವನ್ನು ಸಾಧ್ಯವಾದಷ್ಟು ಸುತ್ತಿ ನೋಡುವುದು ಮೊದಲ ಕೆಲಸ. ಎದುರಿನಿಂದ ಎರಡು ಮಹಡಿಯಾಗಿ ಕಂಡದ್ದು ಇಳಿಜಾರಿನ ಹಿಂಬದಿಯಿಂದ ಮೂರು ಮಹಡಿಯಾಗಿರಬಹುದು. ಹಾಗಿದ್ದರೆ ಬೆಂಕಿ ಒಳಹೊಕ್ಕವರ ಕಾಲಡಿಯಲ್ಲೇ ಇದ್ದೀತು.

ಹೊಗೆಯಲ್ಲಿ ನಾಲ್ಕು ಅಂಶ ಗಮನಿಸಬೇಕು: ಪ್ರಮಾಣ, ವೇಗ, ದಟ್ಟಣೆ, ಬಣ್ಣ. ನಿಧಾನವಾಗಿ ತೇಲಿ ಬರುವ ಹೊಗೆ ತಣ್ಣಗಿದೆ ಅಥವಾ ದೂರದಿಂದ ಬಂದಿದೆ. ಸುರುಳಿ ಸುರುಳಿಯಾಗಿ ಕುದಿಯುತ್ತ ಒತ್ತಡದಿಂದ ಹೊರನುಗ್ಗುವ ದಟ್ಟ ಕಪ್ಪು ಹೊಗೆ ಫ್ಲಾಷ್‌ಓವರ್ ಹತ್ತಿರವಿರುವುದರ ಸೂಚನೆ. ಹೊಗೆಯ ಪದರದೊಳಗೆ ಬೆಂಕಿಯ ನಾಲಿಗೆಗಳು ಹರಿದಾಡಿದರೆ, ಪದರ ಸರಸರನೆ ಕೆಳಗಿಳಿದರೆ, ಶಾಖ ತಡೆಯಲಾಗದೆ ನೆಲಕ್ಕೆ ಕವುಚಿಕೊಳ್ಳುವಂತಾದರೆ ಉಳಿದಿರುವುದು ಹಿಂದೆ ಸರಿಯುವ ಸಮಯವಷ್ಟೇ.

ಬ್ಯಾಕ್‌ಡ್ರಾಫ್ಟಿನ ಲಕ್ಷಣಗಳು ಬೇರೆ. ಜ್ವಾಲೆ ಕಾಣುವುದಿಲ್ಲ. ಕಿಟಕಿ ಗಾಜಿನ ಒಳಮೈ ಎಣ್ಣೆ ಬಳಿದಂತೆ ಕಂದುಗಪ್ಪಾಗಿರುತ್ತದೆ. ಬಾಗಿಲು, ಅದರ ಹಿಡಿ ಸುಡುತ್ತಿರುತ್ತವೆ. ಬಾಗಿಲ ಸಂದಿನಿಂದ ಹೊಗೆ ಬಿಟ್ಟು ಬಿಟ್ಟು ಹೊರಬಂದು ಮತ್ತೆ ಒಳಗೆಳೆದುಕೊಳ್ಳುತ್ತದೆ, ಗಾಳಿ ಒಳಸೇರುವ ಸಿಳ್ಳೆಯಂಥ ಸದ್ದು ಕೇಳಿಸಬಹುದು. ಈ ಲಕ್ಷಣಗಳಿರುವಾಗ ಎದುರಿನ ಬಾಗಿಲನ್ನು ಒಡೆಯುವುದು ಸಲ್ಲದು. ಸಾಧ್ಯವಿದ್ದರೆ ಮೇಲ್ಭಾಗದಲ್ಲಿ ತೆರಪು ಮಾಡಿ ಅನಿಲವನ್ನು ಹೊರಬಿಡುವುದು, ಇಲ್ಲವಾದರೆ ಸಣ್ಣ ರಂಧ್ರದ ಮೂಲಕ ನೀರಿನ ಮಂಜನ್ನು ಒಳಗೆ ಸಿಂಪಡಿಸಿ ತಣಿಸುವುದು ರೂಢಿಯಲ್ಲಿರುವ ಉಪಾಯಗಳು.

ಆದರೆ ಲಕ್ಷಣಗಳು ಯಾವಾಗಲೂ ಒಟ್ಟಿಗೆ ಕಾಣಿಸಿಕೊಳ್ಳುವುದಿಲ್ಲ. ಹೆಚ್ಚು ಇನ್ಸುಲೇಶನ್ ಇರುವ ಕಟ್ಟಡದಲ್ಲಿ ಗೋಡೆ ಬಾಗಿಲುಗಳ ಹೊರಮೈ ತಣ್ಣಗೇ ಇರಬಹುದು. ಉಷ್ಣಚಿತ್ರ ತೋರಿಸುವ ಕ್ಯಾಮೆರಾ ಹೊಗೆಯಲ್ಲಿ ದಾರಿ ಕಾಣಿಸುತ್ತದೆ, ಬಿದ್ದವರನ್ನು ಗುರುತಿಸುತ್ತದೆ. ಅದು ಅಳೆಯುವುದು ಮೇಲ್ಮೈಗಳ ತಾಪವನ್ನು, ಅನಿಲದ ತಾಪವನ್ನು ಅಲ್ಲ. ಗಾಜಿನಾಚೆಗಿನದು ಅದಕ್ಕೆ ಕಾಣದು. ಉಪಕರಣ ಕೊಟ್ಟ ಮಾಹಿತಿಯ ಜತೆ ಕಣ್ಣು, ಕಿವಿ, ಮೈ ಕೊಡುವ ಮಾಹಿತಿಯನ್ನೂ ಸೇರಿಸಿ ನಿರ್ಧರಿಸಬೇಕು.

ನೀರು ಮತ್ತು ಬಾಗಿಲು

ಒಂದು ಲೀಟರ್ ನೀರು ಸಾಮಾನ್ಯ ತಾಪದಿಂದ ಕುದಿದು ಹಬೆಯಾಗುವಷ್ಟರಲ್ಲಿ ಸುಮಾರು 2.6 ಮೆಗಾಜೂಲ್ ಶಾಖ ಹೀರುತ್ತದೆ, ಹಬೆಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಮೊದಲ ಗುಣ ರಕ್ಷಿಸುತ್ತದೆ, ಎರಡನೆಯದು ಅಜಾಗರೂಕತೆಗೆ ಶಿಕ್ಷೆ ಕೊಡುತ್ತದೆ. ಸುಡುವ ಗೋಡೆಗಳಿಗೆ ಯದ್ವಾತದ್ವಾ ನೀರು ಹೊಡೆದರೆ ಹಬೆ ಕೋಣೆಯನ್ನೆಲ್ಲ ತುಂಬಿ ಒಳಗಿದ್ದವರನ್ನು ಬೇಯಿಸುತ್ತದೆ. ಸ್ವೀಡನ್ನಿನ ಅಗ್ನಿಶಾಮಕ ತಜ್ಞರಾದ ಕ್ರಿಸ್ಟರ್ ಗಿಸೆಲ್‌ಸನ್ ಮತ್ತು ಮ್ಯಾಟ್ಸ್ ರೊಸಾಂಡರ್ 1980ರ ದಶಕದಲ್ಲಿ ಇದಕ್ಕೆ ಬೇರೆ ದಾರಿ ತೋರಿದರು. ಸೂಕ್ಷ್ಮ ಹನಿಗಳ ನೀರನ್ನು ಕ್ಷಣಕಾಲದ ಸಿಂಪಡಣೆಗಳಾಗಿ ಹೊಗೆಯ ಪದರಕ್ಕೇ ಹಾಯಿಸಿದರೆ, ಹನಿಗಳು ಅನಿಲದೊಳಗೇ ಆವಿಯಾಗಿ ಅದನ್ನು ತಣಿಸುತ್ತವೆ. ತಣಿದ ಅನಿಲ ಕುಗ್ಗುವುದರಿಂದ ಒಟ್ಟು ಗಾತ್ರ ಹೆಚ್ಚುವುದಿಲ್ಲ. ಹೊಗೆಯನ್ನು ಉರುವಲೆಂದು ಪರಿಗಣಿಸಿ ಮೊದಲು ಅದನ್ನೇ ನಿಷ್ಕ್ರಿಯಗೊಳಿಸುತ್ತ ಮುನ್ನಡೆಯುವ ಈ ಕ್ರಮ, ಉಕ್ಕಿನ ಕಂಟೇನರಿನೊಳಗೆ ನಿಜವಾದ ಬೆಂಕಿ ಹಾಕಿ ಕಲಿಸುವ ತರಬೇತಿಯೊಂದಿಗೆ ಅನೇಕ ದೇಶಗಳಿಗೆ ಹಬ್ಬಿತು. 1996ರ ಫೆಬ್ರುವರಿಯ ಮೊದಲ ವಾರದಲ್ಲಿ ವೇಲ್ಸಿನ ಬ್ಲೈನಾದ ಮನೆಯೊಂದರಲ್ಲಿ ಇಬ್ಬರು, ಬ್ರಿಸ್ಟಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಒಬ್ಬ ಮಹಿಳಾ ಸಿಬ್ಬಂದಿ ಸತ್ತ ಮೇಲೆ ಬ್ರಿಟನ್ ಇಂಥ ತರಬೇತಿಗೆ ಹೆಚ್ಚು ಒತ್ತು ಕೊಟ್ಟಿತು.

ಹೊರಗಿನಿಂದಲೇ ಕಿಟಕಿಯ ಮೂಲಕ ಚಾವಣಿಗೆ ನೇರ ಧಾರೆ ಹೊಡೆದು ಬೆಂಕಿಯ ಬಲ ಮುರಿದ ಮೇಲೆ ಒಳಹೋಗುವುದು ಇನ್ನೊಂದು ಕ್ರಮ. ಹೊರಗಿನ ನೀರು ಬೆಂಕಿಯನ್ನು ಒಳಗಿನ ಜನರತ್ತ ತಳ್ಳುತ್ತದೆ ಎಂಬ ಹಳೆಯ ಆತಂಕಕ್ಕೆ ಪ್ರಯೋಗಗಳಲ್ಲಿ ಆಧಾರ ಸಿಗಲಿಲ್ಲ. ಆದರೆ ಧಾರೆಯನ್ನು ಅಗಲ ಮಾಡಿ ಕಿಟಕಿಯನ್ನೇ ಮುಚ್ಚಿಬಿಟ್ಟರೆ ಬಿಸಿ ಅನಿಲ ಹೊರಹೋಗುವ ದಾರಿ ಕಟ್ಟಿ ಅದು ಒಳಕ್ಕೆ ತಿರುಗುತ್ತದೆ. ಧಾರೆ ಕಿರಿದಾಗಿ, ಕಡಿದಾದ ಕೋನದಲ್ಲಿ ಇರಬೇಕು.

ಬಾಗಿಲ ನಿಯಂತ್ರಣಕ್ಕೆ ದೊಡ್ಡ ಉಪಕರಣವೇನೂ ಬೇಕಿಲ್ಲ. ಹೋಸ್ ಹಾಯುವಷ್ಟು ಜಾಗ ಬಿಟ್ಟು ಬಾಗಿಲನ್ನು ಎಳೆದು ಹಿಡಿಯಲು ಒಬ್ಬ ಸಿಬ್ಬಂದಿ ಸಾಕು. ಬಾಗಿಲ ಚೌಕಟ್ಟಿಗೆ ಸಿಕ್ಕಿಸುವ ಬೆಂಕಿನಿರೋಧಕ ಪರದೆಯೂ ಈಗ ಬಳಕೆಯಲ್ಲಿದೆ. ಇದು ಸಿಕ್ಕಿಬಿದ್ದವರಿಗೂ ನೆರವು: ಬೆಂಕಿಯಿರುವ ಮನೆಯಲ್ಲಿ ಬಾಗಿಲು ಮುಚ್ಚಿದ ಮಲಗುವ ಕೋಣೆ ಬದುಕಲು ಯೋಗ್ಯವಾಗಿಯೇ ಉಳಿದದ್ದನ್ನು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ.

ಉಡುಪು, ಉಸಿರು ಮತ್ತು ಅವುಗಳ ಮಿತಿ

ರಕ್ಷಣಾ ಉಡುಪು ಸಮಯ ಕೊಡುತ್ತದೆ, ಅಭಯ ಕೊಡುವುದಿಲ್ಲ. ಅಮೆರಿಕದ ಮಾನದಂಡ ಪ್ರತಿ ಚದರ ಮೀಟರಿಗೆ 84 ಕಿಲೋವ್ಯಾಟ್ ಶಾಖದಲ್ಲಿ, ಅಂದರೆ ಫ್ಲಾಷ್‌ಓವರ್ ಆದ ಕೋಣೆಯ ಸ್ಥಿತಿಯಲ್ಲಿ, ಎರಡನೆಯ ದರ್ಜೆಯ ಸುಟ್ಟಗಾಯವಾಗುವ ಮುನ್ನ ಉಡುಪು ಕನಿಷ್ಠ 17.5 ಸೆಕೆಂಡು ತಡೆಯಬೇಕೆಂದು ಕೇಳುತ್ತದೆ. ಬಾಗಿಲಿನಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಈ ಅಂಕಿಯೇ ಎಚ್ಚರಿಕೆ. ಬೆವರಿನಿಂದ ತೊಯ್ದ ಬಟ್ಟೆ ಒಳಗೇ ಹಬೆಯಾಗಿ ಚರ್ಮವನ್ನು ಸುಡಬಲ್ಲದು. ಮುಖವಾಡದ ಪಾಲಿಕಾರ್ಬೊನೇಟ್ ಗಾಜು ಉಡುಪಿಗಿಂತ ಬೇಗ ಮೆದುವಾಗುತ್ತದೆ. ಅದು ತೂತಾದರೆ ಮರು ಉಸಿರಿನಲ್ಲಿ ಒಳಸೇರುವುದು ಬೆಂಕಿಯಂಥ ಗಾಳಿ.

ಬೆನ್ನಿಗೆ ಹೊರುವ ಉಸಿರಾಟದ ಸಾಧನವನ್ನು ನಮ್ಮ ಅಗ್ನಿಶಾಮಕ ಠಾಣೆಗಳಲ್ಲಿ ಬಿ.ಎ. ಸೆಟ್ ಎನ್ನುತ್ತಾರೆ. 6 ಲೀಟರಿನ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಬಳಕೆಯ ಲೆಕ್ಕದಲ್ಲಿ 45 ನಿಮಿಷ ಬರಬೇಕು. ಹೋಸ್ ಎಳೆಯುತ್ತ, ಮೆಟ್ಟಿಲೇರುತ್ತ, ಜನರನ್ನು ಹೊರುತ್ತ ಏದುಸಿರು ಬಿಡುವವರಿಗೆ ಅದರ ಅರ್ಧದಷ್ಟೂ ಸಿಗದೆ ಹೋಗಬಹುದು. ಎಚ್ಚರಿಕೆಯ ಸಿಳ್ಳೆ ಊದಿದ ಮೇಲೆ ಹೊರಡುವುದಲ್ಲ, ಅದು ಊದುವ ಹೊತ್ತಿಗೆ ಹೊರಗಿರುವಂತೆ ಯೋಜಿಸುವುದು ಸರಿಯಾದ ಅಭ್ಯಾಸ.

ಈ ಶಿಸ್ತು ರೂಪುಗೊಂಡದ್ದೂ ಸಾವಿನಿಂದಲೇ. 1958ರ ಜನವರಿಯಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಚಕ್ರವ್ಯೂಹದಂಥ ನೆಲಮಾಳಿಗೆಯಲ್ಲಿ ಇಬ್ಬರು ದಾರಿ ತಪ್ಪಿ, ಆಮ್ಲಜನಕ ಮುಗಿದು ಸತ್ತರು. ಯಾರು ಯಾವಾಗ ಒಳಹೋದರು, ಅವರಲ್ಲಿ ಎಷ್ಟು ಗಾಳಿಯಿದೆ, ಯಾವಾಗ ಹೊರಬರಬೇಕು ಎಂದು ಬಾಗಿಲಲ್ಲಿ ಬಿಲ್ಲೆ ಹಾಗೂ ಫಲಕದ ಮೂಲಕ ಲೆಕ್ಕ ಇಡುವ ಪದ್ಧತಿ ಆ ಬಳಿಕ ಬಿಗಿಯಾಯಿತು.

ಕತ್ತಲಲ್ಲಿ ದಾರಿ

ದಟ್ಟ ಹೊಗೆಯಲ್ಲಿ ಟಾರ್ಚಿನ ಬೆಳಕು ಮೊಣಕೈ ದೂರವೂ ಹೋಗುವುದಿಲ್ಲ. ಅಲ್ಲಿ ಚಲಿಸುವುದನ್ನು ಕವಾಯತಿನಂತೆ ಕಲಿಸುತ್ತಾರೆ. ಮೈಭಾರ ಹಿಂದಿನ ಕಾಲಿನ ಮೇಲಿಟ್ಟು, ಮುಂದಿನ ಪಾದದಿಂದ ನೆಲವನ್ನು ತಡಕಿ, ಗಟ್ಟಿಯೆಂದು ಖಾತ್ರಿಯಾದ ಮೇಲೆ ಹೆಜ್ಜೆ ಊರುವುದು. ಮುಖದ ಮುಂದೆ ಕೈಯನ್ನು ಮೇಲೆ ಕೆಳಗೆ ಆಡಿಸುವಾಗ ಅಂಗೈ ತನ್ನತ್ತ, ಹಿಂಗೈ ಹೊರಗೆ ಇರಬೇಕು. ವಿದ್ಯುತ್ ಹರಿಯುವ ತಂತಿ ತಾಗಿದರೆ ಸ್ನಾಯು ಸಂಕುಚಿಸಿ ಕೈ ತಂತಿಯನ್ನು ಹಿಡಿಯದೆ ದೂರ ಸರಿಯಲಿ ಎಂಬ ಉದ್ದೇಶ ಇದರ ಹಿಂದಿದೆ. ಒಂದು ಗೋಡೆಯನ್ನು ಬಿಡದೆ ಅನುಸರಿಸಿ ಹೋದವರು ಅದೇ ಗೋಡೆ ಹಿಡಿದು ಮರಳುತ್ತಾರೆ. ದಿಕ್ಕು ತಪ್ಪಿದವರಿಗೆ ಹೋಸ್ ಆಸರೆ: ಕಪ್ಲಿಂಗಿನ ಗಂಡು ಮತ್ತು ಹೆಣ್ಣು ಭಾಗಗಳ ಜೋಡಣೆಯನ್ನು ಕೈಗವಸಿನ ಬೆರಳಿನಿಂದ ತಡವಿದರೆ ಹೊರದಾರಿ ಯಾವ ಕಡೆಗೆಂದು ತಿಳಿಯುತ್ತದೆ.

ಇಷ್ಟಾದರೂ ದಾರಿ ತಪ್ಪುತ್ತದೆ. 1999ರ ಡಿಸೆಂಬರ್ 3ರಂದು ಅಮೆರಿಕದ ವುಸ್ಟರ್ ನಗರದಲ್ಲಿ ಕಿಟಕಿಗಳಿಲ್ಲದ ಹಳೆಯ ಶೀತಲ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ನಿರ್ಗತಿಕರು ಇರಬಹುದೆಂದು ಹುಡುಕಲು ಹೋದ ಇಬ್ಬರು ಹೊಗೆಯಲ್ಲಿ ಕಳೆದುಹೋದರು. ಅವರನ್ನು ಹುಡುಕಲು ಹೋದ ನಾಲ್ವರೂ ಮರಳಲಿಲ್ಲ. ಅಲ್ಲಿದ್ದ ಮುಖ್ಯಾಧಿಕಾರಿ ಮೈಕಲ್ ಮೆಕ್‌ನಮೀ ಬಾಗಿಲಿಗೆ ಅಡ್ಡ ನಿಂತು, ಗೆಳೆಯರಿಗಾಗಿ ಒಳನುಗ್ಗಲು ಹವಣಿಸುತ್ತಿದ್ದ ಸಿಬ್ಬಂದಿಯನ್ನು ತಡೆದರು. ಬೆಂಕಿಗೆ ಕಾರಣರಾದ ನಿರ್ಗತಿಕರು ಸಿಬ್ಬಂದಿ ಬರುವ ಮೊದಲೇ ಹೊರಟುಹೋಗಿದ್ದರು. ಹೆಚ್ಚು ಜನರನ್ನು ಒಳಗೆ ಕಳುಹಿಸದ ಆ ನಿರ್ಧಾರ ಅಗ್ನಿಶಾಮಕ ಚರಿತ್ರೆಯ ಅತ್ಯಂತ ಕಠಿಣ ನಿರ್ಧಾರಗಳಲ್ಲಿ ಒಂದು. ಅದು ಸರಿಯಾದ ನಿರ್ಧಾರವೂ ಹೌದು.

ಸಿಕ್ಕಿಬಿದ್ದ ಸಹೋದ್ಯೋಗಿಯನ್ನು ತಕ್ಷಣ ಎತ್ತಿತರಬಹುದೆಂಬ ಭರವಸೆಯನ್ನೂ ಅನುಭವ ಕುಗ್ಗಿಸಿದೆ. 2001ರಲ್ಲಿ ಸೂಪರ್‌ಮಾರ್ಕೆಟ್ ಬೆಂಕಿಯೊಂದರಲ್ಲಿ ಸಿಬ್ಬಂದಿಯೊಬ್ಬರನ್ನು ಕಳೆದುಕೊಂಡ ಫೀನಿಕ್ಸ್ ನಗರದ ಇಲಾಖೆ, ಖಾಲಿ ಕಟ್ಟಡಗಳಲ್ಲಿ ರಕ್ಷಣೆಯ ಅಣಕು ಕಾರ್ಯಾಚರಣೆಗಳನ್ನು ನಡೆಸಿ ಅಳೆಯಿತು. ಒಬ್ಬರನ್ನು ಹೊರತರಲು 12 ಮಂದಿ ಬೇಕಾದರು, ಸರಾಸರಿ ಸುಮಾರು 21 ನಿಮಿಷ ಹಿಡಿಯಿತು, ರಕ್ಷಿಸಲು ಹೋದ ಐವರಲ್ಲಿ ಒಬ್ಬರು ತಾವೇ ತೊಂದರೆಗೆ ಸಿಲುಕಿದರು. ಒಳಗೆ ಇಬ್ಬರು ಹೋದರೆ ಹೊರಗೆ ಇಬ್ಬರು ಸನ್ನದ್ಧರಿರಬೇಕೆಂಬ ಅಮೆರಿಕದ ನಿಯಮ ಕನಿಷ್ಠ ಅಗತ್ಯವಷ್ಟೇ. ದಾರಿ ತಪ್ಪದಂತೆ, ಗಾಳಿ ಮುಗಿಯದಂತೆ ನೋಡಿಕೊಳ್ಳುವುದೇ ನಿಜವಾದ ರಕ್ಷಣೆ.

ಕುಸಿಯುವ ಕಟ್ಟಡ, ತೆರೆಯುವ ಲಿಫ್ಟ್

ಬೆಂಕಿ ಹೆಚ್ಚು ಹೊತ್ತು ಉರಿದಷ್ಟೂ ಕಟ್ಟಡವೇ ಅಪಾಯವಾಗುತ್ತದೆ. ಉಕ್ಕು ಕರಗಬೇಕಿಲ್ಲ, 550ರಿಂದ 600 ಡಿಗ್ರಿಯಲ್ಲೇ ತನ್ನ ಬಲದ ಸುಮಾರು ಅರ್ಧ ಕಳೆದುಕೊಳ್ಳುತ್ತದೆ. ಟೆಹರಾನಿನಲ್ಲಿ 1962ರಲ್ಲಿ ಕಟ್ಟಿದ್ದ 17 ಮಹಡಿಯ ಪ್ಲಾಸ್ಕೊ ಕಟ್ಟಡ 2017ರ ಜನವರಿ 19ರಂದು ಗಂಟೆಗಟ್ಟಲೆ ಉರಿದು ಕುಸಿದಾಗ 16 ಅಗ್ನಿಶಾಮಕರು ಅದರಡಿ ಸಿಲುಕಿ ಸತ್ತರು. ಮುಂಬೈನ ಕಾಲ್ಬಾದೇವಿಯಲ್ಲಿ 2015ರ ಮೇ 9ರಂದು ಗೋಕುಲ್ ನಿವಾಸ್ ಎಂಬ ಹಳೆಯ ಕಟ್ಟಡ ಬೆಂಕಿಯ ನಡುವೆ ಕುಸಿಯಿತು. ಆ ದುರಂತ ಮುಖ್ಯ ಅಗ್ನಿಶಾಮಕ ಅಧಿಕಾರಿ ಸುನೀಲ್ ನೆಸರಿಕರ್ ಸೇರಿ ನಾಲ್ವರು ಅಧಿಕಾರಿಗಳನ್ನು ಬಲಿ ತೆಗೆದುಕೊಂಡಿತು. 2020ರ ಜನವರಿ 2ರಂದು ದೆಹಲಿಯ ಪೀರಾಗಢಿಯ ಬ್ಯಾಟರಿ ಕಾರ್ಖಾನೆಯಲ್ಲಿ ಸ್ಫೋಟಕ್ಕೆ ಕಟ್ಟಡ ಬಿದ್ದು ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಮೃತಪಟ್ಟರು. ಗೋಡೆಯಲ್ಲಿ ಹಿಗ್ಗುವ ಬಿರುಕು, ನೆಲದ ತೂಗಾಟ, ಬಾಗಿಲ ಚೌಕಟ್ಟು ಓರೆಯಾಗುವುದು, ಕಟ್ಟಡದೊಳಗಿನ ಲಟಲಟ ಸದ್ದು ಇವೆಲ್ಲ ಹೊರಬರಲು ಆಜ್ಞೆಯೆಂದೇ ತಿಳಿಯಬೇಕು.

ಬಹುಮಹಡಿಯಲ್ಲಿ ಲಿಫ್ಟ್ ಇನ್ನೊಂದು ಬಲೆ. 2021ರ ಮಾರ್ಚ್ 8ರಂದು ಕೋಲ್ಕತ್ತದ ಸ್ಟ್ರಾಂಡ್ ರಸ್ತೆಯ ರೈಲ್ವೆ ಕಚೇರಿ ಕಟ್ಟಡದ 13ನೇ ಮಹಡಿಯಲ್ಲಿ ಬೆಂಕಿ ಹತ್ತಿದಾಗ ಸತ್ತ 9 ಮಂದಿಯಲ್ಲಿ 4 ಜನ ಅಗ್ನಿಶಾಮಕರು. ಹಲವರ ದೇಹಗಳು ಸಿಕ್ಕಿದ್ದು ಲಿಫ್ಟಿನಲ್ಲಿ. ಸಾಮಾನ್ಯ ಲಿಫ್ಟನ್ನು ಬಳಸಲೇಬಾರದು. ಅಗ್ನಿಶಾಮಕರಿಗೆಂದೇ ರಕ್ಷಿತ ಬಾವಿಯಲ್ಲಿರುವ ಲಿಫ್ಟ್ ಇದ್ದರೂ ಬೆಂಕಿಯ ಮಹಡಿಗಿಂತ ಕೆಳಗೇ ಇಳಿದು ಮೆಟ್ಟಿಲಲ್ಲಿ ಮೇಲೇರುವುದು ಕ್ಷೇಮದ ಕ್ರಮ.

ಅಡುಗೆ ಅನಿಲದ ಸಿಲಿಂಡರ್ ನಮ್ಮ ಮನೆ ಮನೆಗಳಲ್ಲಿರುವ ಅಪಾಯ. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಬೆಂಕಿಯಲ್ಲಿ ಬೇಯುವ ಸಿಲಿಂಡರ್ ಒಡೆಯಬಲ್ಲದು. ಲಿಥಿಯಂ ಅಯಾನ್ ಬ್ಯಾಟರಿಗಳು ಹೊಸ ಅಪಾಯ ತಂದಿವೆ. ಅವು ಕಾದು ವಿಘಟಿಸಿದಾಗ ಹೈಡ್ರೊಜನ್ ಸೇರಿದಂತೆ ಉರಿಯುವ ಅನಿಲಗಳನ್ನು ಉಗುಳುತ್ತವೆ. 2019ರ ಏಪ್ರಿಲ್ 19ರಂದು ಅಮೆರಿಕದ ಅರಿಜೋನಾದಲ್ಲಿ ವಿದ್ಯುತ್ ಸಂಗ್ರಹಿಸುವ ಬ್ಯಾಟರಿ ಘಟಕದ ಬಾಗಿಲು ತೆರೆದ ಕೆಲವೇ ನಿಮಿಷಗಳಲ್ಲಿ ಒಳಗೆ ಸೇರಿದ್ದ ಅನಿಲ ಸ್ಫೋಟಿಸಿ ನಾಲ್ವರು ಅಗ್ನಿಶಾಮಕರು ತೀವ್ರವಾಗಿ ಗಾಯಗೊಂಡರು. ಉರುವಲು ಹೊಸದಾದರೂ ನಿಯಮ ವಾಟ್ಸ್ ಸ್ಟ್ರೀಟಿನದೇ.

ಬೆಂಕಿ ಆರಿದ ಮೇಲೆ

ಸುರಕ್ಷತೆಯ ಹೊಣೆ ಬೆಂಕಿ ಆರಿದೊಡನೆ ಮುಗಿಯುವುದಿಲ್ಲ. ಅಮೆರಿಕದಲ್ಲಿ ಕರ್ತವ್ಯದ ವೇಳೆ ಸಂಭವಿಸುವ ಅಗ್ನಿಶಾಮಕರ ಸಾವುಗಳಲ್ಲಿ ಬಹುಕಾಲದಿಂದ ದೊಡ್ಡ ಪಾಲು ಹಠಾತ್ ಹೃದಯಾಘಾತದ್ದು. ಭಾರವಾದ ಉಡುಪು, ಬಿಸಿ, ನಿರ್ಜಲೀಕರಣ, ತೀವ್ರ ಶ್ರಮ ಒಟ್ಟಾಗಿ ಹೃದಯದ ಮೇಲೆ ಬೀಳುತ್ತವೆ. ಸರದಿಯಂತೆ ವಿಶ್ರಾಂತಿ, ನೀರು, ವೈದ್ಯಕೀಯ ತಪಾಸಣೆ ಕಾರ್ಯಾಚರಣೆಯ ಭಾಗವಾಗಿಯೇ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿತು. ಜ್ವಾಲೆ ಆರಿದ ಮೇಲೂ ಬೂದಿಯನ್ನು ಕೆದಕುವಾಗ ಉಸಿರಾಟದ ಮುಖವಾಡ ತೆಗೆಯದಿರುವುದು, ಮಸಿ ಹಿಡಿದ ಉಡುಪನ್ನು ಸ್ಥಳದಲ್ಲೇ ತೊಳೆದು ಬೇರೆಯಾಗಿ ಸಾಗಿಸುವುದು, ಠಾಣೆ ತಲುಪಿದೊಡನೆ ಸ್ನಾನ ಮಾಡುವುದು ಸಣ್ಣ ಕೆಲಸಗಳಂತೆ ಕಂಡರೂ ಆಯುಸ್ಸನ್ನು ಉಳಿಸುವಂಥವು.

ಹೊಣೆ ಯಾರದು

ಅಗ್ನಿಶಾಮಕರ ಸುರಕ್ಷತೆಯ ಅರ್ಧ ಭಾಗ ಅವರ ಕೈಯಲ್ಲಿಲ್ಲ. ಅದು ಕಟ್ಟಡ ಕಟ್ಟಿದವರ, ಅನುಮತಿ ಕೊಟ್ಟವರ, ಬಳಸುವವರ ಕೈಯಲ್ಲಿದೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಜನ ಸತ್ತ ದುರಂತದಲ್ಲಿ ವಿದ್ಯುತ್ ತಂತಿಗಳ ಡಕ್ಟ್ ಮೂಲಕ ಹೊಗೆ ಮಹಡಿಯಿಂದ ಮಹಡಿಗೆ ಏರಿತು. ಡಕ್ಟುಗಳನ್ನು ಪ್ರತಿ ಮಹಡಿಯಲ್ಲಿ ಬೆಂಕಿನಿರೋಧಕ ವಸ್ತುವಿನಿಂದ ಮುಚ್ಚುವುದು, ಮೆಟ್ಟಿಲ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುವಂತಿರುವುದು, ಸ್ಪ್ರಿಂಕ್ಲರ್ ಮತ್ತು ಹೈಡ್ರೆಂಟ್ ಕೆಲಸ ಮಾಡುವ ಸ್ಥಿತಿಯಲ್ಲಿರುವುದು ಒಳಗಿದ್ದವರನ್ನು ಮೊದಲು ಉಳಿಸುತ್ತವೆ, ಆಮೇಲೆ ಅವರಿಗಾಗಿ ಒಳಬರುವವರನ್ನು. ಹೊರದಾರಿಗೆ ಬೀಗ ಹಾಕಿದ, ಮೆಟ್ಟಿಲಲ್ಲಿ ಸರಕು ತುಂಬಿದ, ನೆಲಮಾಳಿಗೆಯನ್ನು ಗೋದಾಮು ಮಾಡಿದ ಮಾಲೀಕರು ತಾವು ಎಂದೂ ಕಾಣದ ಅಗ್ನಿಶಾಮಕರೊಬ್ಬರ ಪ್ರಾಣವನ್ನು ಪಣಕ್ಕಿಡುತ್ತಾರೆ.

ಸೇವೆಯೊಳಗಿನ ಹೊಣೆಯೂ ಸ್ಪಷ್ಟ. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಿಂದ ಹಿಡಿದು ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಕಾಡೆಮಿಯವರೆಗೆ ತರಬೇತಿಯ ನೆಲೆಗಳು ನಮ್ಮಲ್ಲಿವೆ. ಅಲ್ಲಿ ಕಲಿತದ್ದು ಠಾಣೆಯ ನಿತ್ಯದ ಕವಾಯತಿನಲ್ಲಿ ಉಳಿಯಬೇಕು. ಪ್ರತಿ ಠಾಣೆಗೂ ಸಾಕಷ್ಟು ಬಿ.ಎ. ಸೆಟ್‌ಗಳು, ಅವುಗಳಿಗೆ ಗಾಳಿ ತುಂಬುವ ವ್ಯವಸ್ಥೆ, ಕಾಂಕ್ರೀಟಿನೊಳಗೂ ಕೇಳಿಸುವ ರೇಡಿಯೊ, ಒಳಹೋದವರ ಲೆಕ್ಕ ಇಡುವ ಅಧಿಕಾರಿ ಬೇಕು. ಪ್ರತಿ ದೊಡ್ಡ ಬೆಂಕಿಯ ಬಳಿಕ ಯಾರನ್ನೂ ದೂರದೆ ಏನಾಯಿತೆಂದು ಬರೆದಿಡುವ ತನಿಖೆ ಬೇಕು. ಮೇಲೆ ವಿವರಿಸಿದ ಪಾಠಗಳಲ್ಲಿ ಹೆಚ್ಚಿನವು ಅಂಥ ವರದಿಗಳಿಂದಲೇ ಬಂದವು.

1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ ಮಡಿದ 66 ಅಗ್ನಿಶಾಮಕರ ನೆನಪಿಗೆ ಭಾರತ ಪ್ರತಿವರ್ಷ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತದೆ. ಉಳಿಸಬಹುದಾದ ಜೀವಕ್ಕಾಗಿ ಅಗ್ನಿಶಾಮಕರು ದೊಡ್ಡ ಅಪಾಯಕ್ಕೆ ಒಡ್ಡಿಕೊಳ್ಳುವುದು ನ್ಯಾಯ. ಖಾಲಿ ಗೋದಾಮಿಗಾಗಿ, ಆಗಲೇ ಸುಟ್ಟುಹೋದ ಸರಕಿಗಾಗಿ ಅವರನ್ನು ಒಳಗೆ ಕಳುಹಿಸುವುದು ಅನ್ಯಾಯ. ಈ ಎರಡರ ನಡುವಿನ ಗೆರೆಯನ್ನು ಬಾಗಿಲ ಹೊರಗೆ ನಿಂತೇ ಎಳೆಯಬೇಕು, ಎಳೆಯುವ ಅಧಿಕಾರಿಗೆ ಇಲಾಖೆಯೂ ಸಮಾಜವೂ ಬೆಂಬಲವಾಗಿ ನಿಲ್ಲಬೇಕು.